ಉಪ್ಪಿನ ಮೇಲೆ ತೇಲುವ ಸಿಹಿನೀರು

ಹೊನ್ನಾವರದಿಂದ ದೋಣಿ ಬಿಟ್ಟಾಗ ಶರಾವತಿಯಲ್ಲಿ ಉಬ್ಬರ ಆಗಷ್ಟೇ ಶುರುವಾಗಿತ್ತು. ಕಡಲು ಬೆನ್ನ ಹಿಂದಿತ್ತು. ನೀರು ಮಾತ್ರ ನಮ್ಮ ಜೊತೆಗೇ ಒಳನಾಡಿನ ಕಡೆ ಹೊರಟಿತ್ತು. ಎದುರಿಗೆ ತೆಂಗಿನ ಸಾಲು, ಮಾವಿನಕುರ್ವೆ. ಹೊಳೆ ಎರಡೂ ಕಡೆಯಿಂದ ಬಳಸಿಕೊಂಡ ನಡುಗಡ್ಡೆ.

ನನ್ನ ಚೀಲದಲ್ಲಿ ಈಜುಕೊಳದ ನೀರು ಪರೀಕ್ಷಿಸುವ ಸಣ್ಣ ಪೆಟ್ಟಿಗೆ ಇತ್ತು. ಬೆಂಗಳೂರಿನಲ್ಲಿ ಅಣ್ಣನ ಮನೆಯ ಈಜುಕೊಳದ ಉಸ್ತುವಾರಿ ನನ್ನದು. ಪಿಎಚ್ 7.2ರಿಂದ 7.8ರ ಒಳಗಿರಬೇಕು, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಕ್ಷಾರೀಯತೆ 80ರಿಂದ 120. ಒಂದು ಜಾರಿದರೆ ಇನ್ನೊಂದೂ ಜಾರುತ್ತದೆ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್ನಿನ ಅರ್ಧದಷ್ಟು ರೋಗಾಣು ಕೊಲ್ಲುವ ಚುರುಕು ರೂಪದಲ್ಲಿರುತ್ತದೆ. ಅದೇ 8ಕ್ಕೆ ಏರಿತೋ, ಕಾಲುಭಾಗವೂ ಕೆಲಸಕ್ಕೆ ಬರುವುದಿಲ್ಲ. ಕ್ಷಾರೀಯತೆ ತಗ್ಗಿದರೆ ಪಿಎಚ್ ನಿಂತಲ್ಲಿ ನಿಲ್ಲುವುದಿಲ್ಲ, ಆಗ ಅಡುಗೆ ಸೋಡಾ ಸುರಿಯಬೇಕು. ಇಷ್ಟು ಸಣ್ಣ ತೊಟ್ಟಿಗೆ ಇಷ್ಟೊಂದು ಕಾವಲು ಬೇಕಾದರೆ ಹೊಳೆಯನ್ನು ಯಾರು ಕಾಯುತ್ತಾರೆ? ಆ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ಎಳೆದು ತಂದಿತ್ತು.

ದೋಣಿಯವರು ನನ್ನ ಗಾಜಿನ ನಳಿಕೆ ನೋಡಿ, "ಮೇಲಿನ ನೀರು ತೆಗೆದ್ರೆ ಏನೂ ಗೊತ್ತಾಗೂದಿಲ್ಲ ಅಕ್ಕಾ. ಕಡಲು ಅಡಿಯಿಂದ ಬರ್ತದೆ" ಅಂದರು. ಬಾಟಲಿಯ ಬಿರಡೆಗೆ ದಾರ ಕಟ್ಟಿ, ಬುಡಕ್ಕೆ ಕಲ್ಲು ಬಿಗಿದು ತಳಕ್ಕೆ ಇಳಿಸಿದರು. ದಾರ ಜಗ್ಗಿದಾಗ ಬಿರಡೆ ಕಳಚಿ ಗುಳ್ಳೆಗಳು ಮೇಲೆ ಬಂದವು. ಮೇಲಿನ ನೀರನ್ನು ನಾಲಿಗೆಗೆ ಹಚ್ಚಿದೆ, ಸಪ್ಪೆ, ಸ್ವಲ್ಪವೇ ಉಪ್ಪು. ಬಾಟಲಿಯದು ಕಹಿಯಾಗುವಷ್ಟು ಉಪ್ಪು. ಒಂದೇ ಹೊಳೆ, ಒಂದೇ ಜಾಗ! ಉಪ್ಪುನೀರು ಭಾರ, ಅದು ಬೆಣೆಯಾಗಿ ತಳದಲ್ಲಿ ನುಗ್ಗುತ್ತದೆ. ಬೆಟ್ಟದ ನೀರು ಅದರ ಬೆನ್ನ ಮೇಲೆ ಜಾರಿಕೊಂಡು ಕಡಲಿಗೆ ಹೋಗುತ್ತದೆ. ಬಾಟಲಿಯ ನೀರಿಗೆ ಪಿಎಚ್ ತೋರಿಸುವ ಕೆಂಪು ದ್ರಾವಣದ ಹನಿ ಬಿಟ್ಟೆ, ಕಡುಗುಲಾಬಿ. ಮೇಲಿನ ನೀರು ಕಿತ್ತಳೆ ಬಣ್ಣದಲ್ಲೇ ನಿಂತಿತು.

ಕಡಲಿನ ಕ್ಷಾರೀಯತೆ ಲೀಟರಿಗೆ ಸುಮಾರು 115 ಮಿಲಿಗ್ರಾಂ. ನಾವು ಸೋಡಾ ಸುರಿದು ಮುಟ್ಟಲು ಹೆಣಗುವ ಮಟ್ಟ! ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಬಂಡೆ ಕರಗಿಸಿ, ಹೊಳೆಗಳ ಮೂಲಕ ಕೋಟ್ಯಂತರ ವರ್ಷ ಹೊತ್ತು ತಂದು ಹಾಕಿದ್ದು ಅದು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕುವ ಈ ಶರಾವತಿಯ ಪಾಲೂ ಅದರಲ್ಲಿದೆ ಎಂದು ನೆನೆದು ನಾನು ಬಹಳ ಹೊತ್ತು ಮಾತಾಡಲಿಲ್ಲ.

ಕುರ್ವೆಯಲ್ಲಿ ಒಂದು ಮನೆಯಂಗಳಕ್ಕೆ ಹೋದೆವು. ಚಿರೆಕಲ್ಲು ಕಟ್ಟಿದ ಬಾವಿ, ನೀರು ಬಹಳ ಆಳದಲ್ಲಿಲ್ಲ. ಸುತ್ತ ಉಪ್ಪುನೀರಿದ್ದೂ ಬಾವಿಯದು ಸಿಹಿ. ನೆಲಕ್ಕೆ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಘೈಬೆನ್, ಹರ್ಜ್‌ಬರ್ಗ್ ಎಂಬಿಬ್ಬರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕದಂತೆ, ಕಡಲ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ನಲವತ್ತು ಮೀಟರಿನಷ್ಟು ಸಿಹಿನೀರು ಇರಬಲ್ಲದು. ಮೇಲೆ ಒಂದು ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಅದೇ ಲೆಕ್ಕದಲ್ಲಿ ಮೇಲೇರುತ್ತದೆ. ಮನೆಯ ಹಿರಿಯಮ್ಮ ಇದನ್ನು ಒಂದೇ ಮಾತಲ್ಲಿ ಹೇಳಿದರು: "ಪಂಪು ಸ್ವಲ್ಪ ಹೊತ್ತು ಬಿಟ್ಟು ಬಂದ್ ಮಾಡ್ತೇವೆ ತಂಗಿ. ಜಾಸ್ತಿ ಎಳದ್ರೆ ಉಪ್ಪು ಏಳ್ತದೆ." ಇಂಥ ನೆಲದಲ್ಲಿ ಈಜುಕೊಳ ತುಂಬಿಸಲು ಬಾವಿಗೆ ದೊಡ್ಡ ಪಂಪು ಇಳಿಸುವುದು ತಪ್ಪು, ನನಗೆ ಅದರಲ್ಲಿ ಎರಡು ಮಾತಿಲ್ಲ. ಗುಡ್ಡದ ಮೇಲಿನ ಚಿರೆಕಲ್ಲಿನ ಬಾವಿಗಳದು ಬೇರೆಯೇ ಕಥೆ. ಅಲ್ಲಿಯ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಬಿದ್ದೊಡನೆ ತಿಳಿನೀರು ಚಹಾ ಬಣ್ಣಕ್ಕೆ ತಿರುಗುತ್ತದೆ.

ಹೊಳೆಯ ಉಪ್ಪಿನ ಲೆಕ್ಕ ಈಗ ಉಬ್ಬರ, ಮಳೆಗಳ ಕೈಯಲ್ಲಷ್ಟೇ ಇಲ್ಲ. ಹಿಂದೆ ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು, ಕಡಲು ದೂರದವರೆಗೆ ಒಳಬರುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟೂ ಬಂದ ಮೇಲೆ, ವಿದ್ಯುತ್ ತೆಗೆದ ಸಿಹಿನೀರು ವರ್ಷವಿಡೀ ಇಳಿದು ಬರುತ್ತದೆ. ಬಾವಿಗಳಿಗೆ ಅದು ಒಳ್ಳೆಯದೇ. ಆದರೆ ಉಪ್ಪು ಬೇಕೆನ್ನುವ ಬಳಚು ಎಂಬ ಚಿಪ್ಪುಜೀವಿ ಇಲ್ಲಿ ಕ್ಷೀಣಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ತಜ್ಞರು ಇದನ್ನು ಅಳೆದು ದಾಖಲಿಸಿದ್ದಾರೆ. ಈಗ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ನೀರನ್ನು ಮೇಲೆತ್ತಿ ಕೆಳಗೆ ಬಿಡುವವರು ಕುರ್ವೆಯ ಬಾವಿಗಳ ಉಪ್ಪನ್ನೂ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಮರುದಿನ ಕುಮಟಾದ ಅಘನಾಶಿನಿಗೆ ಹೋದೆ. ಅಣೆಕಟ್ಟಿಲ್ಲದ ಹೊಳೆ ಅದು. ಅದರ ಅಳಿವೆ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಗಜನಿ ಎಂಬ ಉಪ್ಪುನೀರಿನ ತಗ್ಗುಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಈ ಹಿನ್ನೀರಿನ ಬದಿಯಲ್ಲೇ. ಇಳಿತದ ಹೊತ್ತು. ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ ಕೈಯಿಂದ ತಳ ತಡವಿ ಬಳಚು ಹೆಕ್ಕುತ್ತಿದ್ದರು. ಒಬ್ಬರು ಹಿಡಿ ತೆರೆದು ತೋರಿಸಿದರು. ಚಿಪ್ಪಿನ ಹೊರಗೆ ಕಂದು ಪಟ್ಟೆ, ಒಳಗೆ ಹಾಲುಬಿಳುಪು. ನಾನು ಹನಿ ಎಣಿಸಿ ಅಳೆಯುವ ಕ್ಷಾರೀಯತೆಯೇ ಇದು! ನೀರಿನಲ್ಲಿ ಕರಗಿದ ಬೈಕಾರ್ಬೊನೇಟನ್ನೂ ಕ್ಯಾಲ್ಸಿಯಂ ಅನ್ನೂ ಹೆಕ್ಕಿ, ಪದರದ ಮೇಲೆ ಪದರ ಇಟ್ಟು, ಆ ಜೀವ ಮನೆ ಕಟ್ಟಿಕೊಂಡಿದೆ. "ತಿಂದ್ ಮೇಲೆ ಚಿಪ್ಪಿ ಏನ್ ಮಾಡ್ತೀರಿ?" ಎಂದು ಕೇಳಿದೆ. "ಸುಟ್ರೆ ಸುಣ್ಣ ಆಗ್ತದಲಾ" ಅಂದರು. ಸಿಗಡಿ ಕೊಳದ ನೀರು ಆಮ್ಲೀಯವಾದಾಗ ಸರಿಪಡಿಸಲು ಹಾಕುವುದೂ ಸುಣ್ಣವನ್ನೇ.