ನಾನು ಹೇಳಿದ ಲಿಂಬೆಹಣ್ಣು

ಹೋದ ವರ್ಷದ ದಸರಾ ರಜೆಗೆ ಮಗಳ ಮಗಳು ಖಾನಾಪುರದಿಂದ ಬೆಳಗಾವಿಗೆ, ನಮ್ಮ ಮನೆಗೆ ಬಂದಿದ್ದಳು. ಬಂದ ದಿನವೇ ಸ್ನಾನಕ್ಕೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಚ್ಚಲ ಬಾಗಿಲು ಬಡಿದೆ. ಒಳಗೆ ಮೂಗು ಎಳೆಯುವ ಸದ್ದು.

“ಉರಿತೇತಿ ಆಯಿ” ಅಂದಳು.

ಟವೆಲ್ ಸುತ್ತಿಕೊಂಡು ಬಂದವಳು ನಾಚಿಕೊಂಡೇ ಕೈ ಎತ್ತಿ ತೋರಿಸಿದಳು. ಎರಡೂ ಬಗಲು ಕೆಂಡದಂತೆ ಕೆಂಪಾಗಿದ್ದವು. ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಬಲಗಡೆ ಸಣ್ಣಗೆ ನೀರಾಡುತ್ತಿತ್ತು.

“ಏನ ಹಚ್ಚಿಕೊಂಡಿದ್ದಿ?”

“ನೀನ ಹೇಳಿದ್ದೆಲ್ಲ, ಲಿಂಬಿಹಣ್ಣು. ಅದರಿಂದ ಕಡಿಮಿ ಆಗಲಿಲ್ಲ, ಅದಕ್ಕ ಮ್ಯಾಲೆ ತಿನ್ನೂ ಸೋಡಾನೂ ತಿಕ್ಕಿದೆ.”

ಹೌದು, ಲಿಂಬೆಹಣ್ಣು ಹೇಳಿದವಳು ನಾನೇ. ಒಂದು ತಿಂಗಳ ಹಿಂದೆ ಫೋನಿನಲ್ಲಿ ಅವಳು ದನಿ ತಗ್ಗಿಸಿ, “ಆಯಿ, ಬಗಲಾಗ ಭಾಳ ಬೆವರತೇತಿ, ಏನರ ಔಷಧ ಐತೇನು?” ಎಂದು ಕೇಳಿದ್ದಳು. ನಾನು ಪಲ್ಯ ಹೆಚ್ಚುತ್ತ, ಒಂದು ಕ್ಷಣವೂ ಯೋಚಿಸದೆ, “ಲಿಂಬಿ ಹೋಳು ತಿಕ್ಕವಾ” ಅಂದಿದ್ದೆ. ನನ್ನ ತಾಯಿ ನನಗೆ ಹೇಳಿದ್ದಳು, ನಾನು ಮೊಮ್ಮಗಳಿಗೆ ದಾಟಿಸಿದೆ. ನನ್ನ ತಾಯಿ ಹೇಳಿದ್ದನ್ನು ಮಾಡಿ ನನಗೂ ಒಮ್ಮೆ ಹೀಗೇ ಉರಿದಿತ್ತು ಎಂಬುದು ಆಗ ನೆನಪಿಗೇ ಬರಲಿಲ್ಲ. ಅಜ್ಜಿಯಂದಿರ ಮನೆಮದ್ದಿನಲ್ಲಿ ಇದೊಂದು ದೋಷ. ಫಲಿಸಿದ್ದು ನೆನಪಿರುತ್ತದೆ, ಸುಟ್ಟದ್ದು ಮರೆತುಹೋಗುತ್ತದೆ.

ಅವಳು ಎಂಟನೆಯ ಇಯತ್ತೆ. ಮಗಳಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಶಾಲೆಯಲ್ಲಿ ಪಾಲಕರ ಸಭೆಗೆ ಹೋದಾಗ ಟೀಚರು, “ಉತ್ತರ ಗೊತ್ತಿರ್ತದ, ಆದರ ಕೈ ಎತ್ತೂದಿಲ್ಲ” ಎಂದಿದ್ದರಂತೆ. ಮನೆಯವರೆಲ್ಲ ಹುಡುಗಿಗೆ ಸಂಕೋಚ ಹೆಚ್ಚು ಎಂದು ತೀರ್ಮಾನಿಸಿದ್ದರು. ನನಗೆ ಮಾತ್ರ ತಟ್ಟನೆ ಹೊಳೆಯಿತು. ಯಾಕೆಂದರೆ ನಾನೂ ಇಪ್ಪತ್ತೆರಡು ವರ್ಷ ಕೈ ಎತ್ತದೆ ಕಳೆದವಳು, ಅದೂ ಶಿಕ್ಷಕಿಯಾಗಿ.

ಆಗ ನಾವು ಖಾನಾಪುರದಲ್ಲಿದ್ದೆವು. ನನ್ನ ನೌಕರಿ ಬೆಳಗಾವಿಯಲ್ಲಿ. ದಿನಾ ಬೆಳಿಗ್ಗೆ ರೈಲು. ಇದಲಹೊಂಡ, ದೇಸೂರು ದಾಟಿ ಬೆಳಗಾವಿ ಬರುವವರೆಗೆ ನಿಂತೇ ಪ್ರಯಾಣ. ಉಳಿದವರು ಮೇಲಿನ ಹಿಡಿಕೆ ಹಿಡಿದು ನಿಂತರೆ ನಾನು ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ತೋಳುಗಳನ್ನು ಮೈಗೆ ಅಂಟಿಸಿಕೊಂಡು ನಿಲ್ಲುತ್ತಿದ್ದೆ. ಶಾಲೆ ಮುಟ್ಟುವ ಮೊದಲೇ ಜಂಪರಿನ ಕಂಕುಳು ಅಂಗೈಯಗಲ ತೊಯ್ದಿರುತ್ತಿತ್ತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಊರು, ಮೊದಲು ಇದನ್ನು ತಂಪು ಊರು ಎಂದೇ ಕರೆಯುತ್ತಿದ್ದರು. ಡಿಸೆಂಬರಿನಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡಾಗಲೂ ನನಗೆ ಅದೇ ಕಥೆ. ಏಪ್ರಿಲ್ ತಿಂಗಳಲ್ಲಿ ನಾನು ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದುಕೊಳ್ಳುತ್ತಿದ್ದೆ. ಅದರಿಂದ ಇನ್ನಷ್ಟು ಬೆವರು!

ಬೋರ್ಡಿನ ಮೇಲೆ ಬರೆಯುವುದಂತೂ ಶಿಕ್ಷೆ. ಕೈ ಮೇಲೆತ್ತಿದರೆ ಇಡೀ ತರಗತಿಗೆ ಕಾಣುತ್ತದೆ. ಹಾಗಾಗಿ ನಾನು ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು “ಕಾಣಂಗಿಲ್ರಿ ಟೀಚರ್” ಅನ್ನುತ್ತಿದ್ದರು. ನಾನು “ಹೆಗಲು ನೋವಪ್ಪಾ” ಅನ್ನುತ್ತಿದ್ದೆ. ಆ ಹುಡುಗರಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ಹೆಗಲು ಆಗಲೂ ಚೆನ್ನಾಗಿಯೇ ಇತ್ತು, ಈಗಲೂ ಚೆನ್ನಾಗಿದೆ.

ಮರುದಿನವೇ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಮಗುವಿಗೆ ಬೈಯಲಿಲ್ಲ. ನನಗೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಪ್ರಶ್ನೆಗಳನ್ನು ಕೇಳುತ್ತ ಹೋದರು. ಎರಡೂ ಕಡೆ ಒಂದೇ ಸಮ ಬೆವರುತ್ತದೆಯೇ? ನಿದ್ದೆಯಲ್ಲಿ ನಿಲ್ಲುತ್ತದೆಯೇ? ಜ್ವರ, ತೂಕ ಇಳಿಯುವುದು ಏನಾದರೂ ಇದೆಯೇ? ಕೊನೆಗೆ, “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ?” ಎಂದರು.

ನಾನು ಕೈ ಎತ್ತಿದೆ.

“ಆಯಿ, ನಿನಗೂ?” ಎಂದು ಮೊಮ್ಮಗಳು ನನ್ನನ್ನೇ ನೋಡಿದಳು. ಆ ಮುಖವನ್ನು ನಾನು ಮರೆಯಲಾರೆ. ಇಡೀ ಜಗತ್ತಿನಲ್ಲಿ ತನಗೊಬ್ಬಳಿಗೇ ಹೀಗೆ ಎಂದುಕೊಂಡಿತ್ತು ಆ ಕೂಸು. ನಾನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆ, ಹೆತ್ತ ಮಗಳಿಗೂ ಗೊತ್ತಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ರಾತ್ರಿ ಅವಳಿಗೆ ನಮ್ಮ ಖಾನಾಪುರದ ಭಾಷೆಯಲ್ಲೇ ತಿಳಿಸಿ ಹೇಳಿದೆ. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಹೆಂಚು, ಮಡಕೆ ಎಲ್ಲ ಅಲ್ಲಿ ಆಗುತ್ತವೆ. ಕುಂಬಾರಿಕೆ ಕಲಿಸುವ ಖಾದಿ ಮಂಡಳಿಯ ಸಂಸ್ಥೆಯೂ ಅಲ್ಲಿದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯಲ್ಲಿ ನೀರು ಯಾಕೆ ತಂಪಾಗುತ್ತದೆ? ಹರವಿ ಬೆವರುತ್ತದೆ. ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಮೈಯೂ ಅಂಥದೇ ಹರವಿ. ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ಕೆಲವರ ನರಗಳು ಅಗತ್ಯಕ್ಕಿಂತ ಹೆಚ್ಚು ಅವಸರದಿಂದ “ಬೆವರು, ಬೆವರು” ಎಂದು ಆಜ್ಞೆ ಕೊಡುತ್ತವೆ. ಸೆಕೆ ಇಲ್ಲದಿದ್ದರೂ ಅಂಜಿಕೆ, ನಾಚಿಕೆ ಸಾಕು. ಹೀಗಾಗಿ ಬೆವರು ಕಂಡೀತು ಎಂದು ಹೆದರಿದಷ್ಟೂ ಬೆವರು ಹೆಚ್ಚು. ಇದು ಹೆಚ್ಚಾಗಿ ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ಶುರುವಾಗುತ್ತದೆ, ಎಷ್ಟೋ ಮನೆಗಳಲ್ಲಿ ವಂಶದಲ್ಲಿ ಬರುತ್ತದೆ.

ವಾಸನೆಯ ವಿಷಯವೇ ಬೇರೆ. ಆಗತಾನೆ ಬಂದ ಬೆವರಿಗೆ ವಾಸನೆ ಇರುವುದಿಲ್ಲ. ಕಂಕುಳಲ್ಲಿ ಇನ್ನೊಂದು ಬಗೆಯ ಗ್ರಂಥಿಗಳಿವೆ. ಅವು ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಎಚ್ಚರಗೊಳ್ಳುತ್ತವೆ. ಅವುಗಳಿಂದ ಬರುವ ದಪ್ಪನೆಯ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ನಾಲ್ಕನೆಯ ಇಯತ್ತೆಯಲ್ಲಿ ಇಲ್ಲದ್ದು ಎಂಟರಲ್ಲಿ ಯಾಕೆ ಬಂತು ಎಂಬುದಕ್ಕೆ ಇದೇ ಉತ್ತರ. ಅವಳು ಹೊಲಸಾಗಿದ್ದಳು ಎಂದಲ್ಲ.

ಇನ್ನು ನನ್ನ ಲಿಂಬೆಹಣ್ಣಿಗೆ ಬರೋಣ. ಲಿಟ್ಮಸ್ ಕಾಗದದ ಪಾಠ ಓದಿದ ಮಕ್ಕಳಿಗೆ ಇದು ಸುಲಭ. ನಮ್ಮ ಚರ್ಮ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5. ಲಿಂಬೆರಸದ್ದು 2ರ ಆಸುಪಾಸು, ಅಂದರೆ ಕಡುಹುಳಿ. ಸೋಡಾ 8ರ ಮೇಲೆ, ಅದು ಕ್ಷಾರ. ಮೊದಲು ಹುಳಿಯಿಂದ ಸುಟ್ಟು, ಅದರ ಮೇಲೆ ಕ್ಷಾರ ತಿಕ್ಕಿದರೆ ಎಂಥ ಚರ್ಮ ತಡೆದೀತು? ಅವಳದು ಮೊದಲೇ ಸೂಕ್ಷ್ಮ. ಹೊಸ ಸೋಪು ಬಂದರೂ ಮೈಮೇಲೆ ಗಂಧೆ ಏಳುವ ಹುಡುಗಿ. ಲಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ, ಕಪ್ಪು ಕಲೆಯೂ ಆಗಬಹುದು. ಪಕ್ಕದ ಮನೆಯವರು ತುರಟಿ, ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಸವರುವ ಪಟಿಕ, ಹಚ್ಚಿ ನೋಡಿ ಎಂದರು. ಅದು ಕೆಲವರಿಗೆ ಒಗ್ಗುತ್ತದೆ. ಆದರೆ ಒಡೆದ ಚರ್ಮದ ಮೇಲೆ ಅದೂ ಉರಿಯೇ. ನಾನು ಈ ಬಾರಿ ಯಾರ ಮಾತನ್ನೂ ಕೇಳಲಿಲ್ಲ.

ಎರಡು ವಾರ ಡಾಕ್ಟರು ಕೊಟ್ಟ ಮುಲಾಮು ಬಿಟ್ಟು ಬೇರೆ ಏನೂ ಇಲ್ಲ. ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ದಿನಕ್ಕೊಮ್ಮೆ ತೊಳೆಯುವುದು, ಮತ್ತೆ ಬೇಕಾದರೆ ಬರೀ ನೀರು. ಉಜ್ಜುವಂತಿಲ್ಲ. ಟವೆಲ್ ಒತ್ತಿ ಒರೆಸಿ, ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರುವುದು. ಗಾಯ ಮಾಯ್ದ ಮೇಲೆ ಡಾಕ್ಟರು ಬೆವರು ತಡೆಯುವ ಒಂದು ಔಷಧ ಬರೆದುಕೊಟ್ಟರು. ಅಂಗಡಿಯ ಡಿಯೋಡರೆಂಟ್ ಬೇರೆ, ಇದು ಬೇರೆ ಎಂಬುದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು! ಡಿಯೋಡರೆಂಟ್ ವಾಸನೆಯನ್ನಷ್ಟೇ ತಡೆಯುತ್ತದೆ. ಆಂಟಿಪರ್ಸ್ಪಿರೆಂಟ್ ಎಂಬುದರಲ್ಲಿ ಅಲ್ಯುಮಿನಿಯಂ ಲವಣವಿರುತ್ತದೆ, ಅದು ಬೆವರಿನ ರಂಧ್ರದ ಬಾಯಿಗೆ ತಾತ್ಕಾಲಿಕವಾಗಿ ಬೂಚು ಹಾಕುತ್ತದೆ. ಸೂಕ್ಷ್ಮ ಚರ್ಮದವರಿಗೆ ತೊಂದರೆ ಕೊಡುವುದು ಹಲವು ಸಲ ಅದರಲ್ಲಿ ಬೆರೆಸಿದ ಸುವಾಸನೆಯೇ. ಆದ್ದರಿಂದ ಸುವಾಸನೆಯಿಲ್ಲದ್ದು, ಶಕ್ತಿ ಕಡಿಮೆ ಇರುವುದು. ಅದನ್ನೂ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ವಾರ ಹಚ್ಚಿ ನೋಡಿದೆವು. ಕೆಂಪಾಗಲಿಲ್ಲ.

ಹಚ್ಚುವ ಹೊತ್ತು ಮುಖ್ಯ. ಬೆಳಿಗ್ಗೆ ಸ್ನಾನ ಮಾಡಿ ಹಸಿ ಮೈಗೆ ಹಚ್ಚಬಾರದು. ಈ ಲವಣ ನೀರಿನೊಂದಿಗೆ ಸೇರಿದರೆ ಆಮ್ಲ ಹುಟ್ಟಿ ಚರ್ಮ ಉರಿಯುತ್ತದೆ. ರಾತ್ರಿ ಮಲಗುವಾಗ ಬೆವರು ಕಡಿಮೆ, ಚರ್ಮ ಪೂರ್ತಿ ಒಣಗಿರುತ್ತದೆ. ಆಗ ತೆಳ್ಳಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಮೊದಲು ವಾರಕ್ಕೆ ಎರಡು ರಾತ್ರಿ. ಕೂದಲು ತೆಗೆದವರು ಒಂದೆರಡು ದಿನ ಬಿಡಬೇಕು. ಇದನ್ನು ಕೇಳುತ್ತ ನನಗೆ ನನ್ನ ಮೂವತ್ತನೆಯ ವಯಸ್ಸಿನ ಒಂದು ಬಾಟಲಿ ನೆನಪಾಯಿತು. ಬೆಳಿಗ್ಗೆ ಸ್ನಾನ ಮಾಡಿದ ಕೂಡಲೇ ಹಚ್ಚಿಕೊಂಡು ರೈಲಿಗೆ ಓಡಿದ್ದೆ. ದೇಸೂರು ಬರುವಷ್ಟರಲ್ಲಿ ಕಣ್ಣಲ್ಲಿ ನೀರು. ಔಷಧವೇ ಕೆಟ್ಟದ್ದು ಎಂದು ಅಂದೇ ಎಸೆದುಬಿಟ್ಟೆ. ಹಚ್ಚುವ ಹೊತ್ತು ಹೇಳಿಕೊಡುವವರಿದ್ದರೆ ಎಷ್ಟೋ ವರ್ಷ ಬೋರ್ಡಿನ ಮೇಲ್ಭಾಗ ನನಗೂ ಸಿಗುತ್ತಿತ್ತು.

ಔಷಧದ ಕೆಲಸ ಡಾಕ್ಟರದು, ಅರಿವೆಯ ಕೆಲಸ ನನ್ನದು. ಅವಳ ಸಮವಸ್ತ್ರ ಟೆರಿಕಾಟ್, ಬೆವರು ಹೀರುವುದಿಲ್ಲ. ಕಂಕುಳ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸಿದೆ. ಒಳಗೆ ತೋಳಿರುವ ತೆಳು ಹತ್ತಿ ಬನಿಯನ್. ಯಜಮಾನರ ಹಳೆಯ ಧೋತರ ಕತ್ತರಿಸಿ ಅರ್ಧಚಂದ್ರದ ಆಕಾರದ ಎರಡು ಪದರಿನ ತುಂಡುಗಳನ್ನು ಹೊಲಿದೆ. ಟಿಚ್ ಬಟನ್ ಹಚ್ಚಿದ್ದರಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ತೆಗೆದು ಒಣಗಿದ್ದನ್ನು ಹಾಕಿಕೊಳ್ಳಬಹುದು. ಆರು ಜೋಡಿ ಇವೆ. ಧೋತರದ ಮಾಲೀಕರು ಮಾತ್ರ ಇನ್ನೂ ಒಂದನ್ನು ಹುಡುಕುತ್ತಿದ್ದಾರೆ. ಸೋಡಾ ಸಹ ವ್ಯರ್ಥವಾಗಲಿಲ್ಲ. ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಲೆಯಾಗಿತ್ತು, ಸೋಡಾ ಕಲಸಿ ಹಚ್ಚಿ ಒಂದು ತಾಸು ಬಿಟ್ಟು ಒಗೆದರೆ ತಿಳಿಯಾಗುತ್ತದೆ. ಬ್ಲೀಚಿಂಗ್ ಹಾಕಿದರೆ ಹಳದಿ ಇನ್ನೂ ಹೆಚ್ಚು.

ಖಾನಾಪುರದ ಮಳೆಗಾಲದ್ದೇ ಒಂದು ಬೇರೆ ಪಾಡು. ಕಣಕುಂಬಿ, ಜಾಂಬೋಟಿ ಕಡೆಯಿಂದ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದು, ಮಲಪ್ರಭೆ ತುಂಬಿ ಹರಿಯುತ್ತಾಳೆ, ಅರಿವೆ ಒಣಗುವುದಿಲ್ಲ. ಅರೆಹಸಿ ಬನಿಯನ್ ಹಾಕಿಕೊಂಡರೆ ಕಂಕುಳಲ್ಲಿ ಬೂಷ್ಟು ಬೆಳೆದು ತುರಿಕೆ. ಅದಕ್ಕೆ ಬೇರೆ ಔಷಧ ಬೇಕು. ಇಸ್ತ್ರಿ ಮಾಡಿಯೇ ಹಾಕಿಕೊಳ್ಳಬೇಕೆಂದು ಮಗಳಿಗೆ ಹೇಳಿದ್ದೇನೆ.

ಡಾಕ್ಟರು ಕೇಳಿದ ಪ್ರಶ್ನೆಗಳನ್ನು ಮನೆಯ ಹಿರಿಯರೂ ನೆನಪಿಡಬೇಕು. ನಿದ್ದೆಯಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು, ಜ್ವರ, ಇಳಿಯುವ ತೂಕ, ಒಂದೇ ಕಡೆ ಬೆವರುವುದು, ನಮ್ಮಂಥ ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದದ್ದು, ಇಂಥವನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬಾರದು. ಎದೆನೋವಿನ ಜೊತೆ ತಣ್ಣನೆ ಬೆವರು ಬಂದರಂತೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಮೊಮ್ಮಗಳ ಬೆವರು ನಿಂತಿಲ್ಲ. ಕಡಿಮೆಯಾಗಿದೆ. ಗಣಿತದ ಪರೀಕ್ಷೆಯ ದಿನ ಧೋತರದ ತುಂಡು ಎರಡು ಸಲ ಬದಲಿಸಿದಳಂತೆ. ಚರ್ಮ ಮಾತ್ರ ಮತ್ತೆ ಕೆಂಪಾಗಿಲ್ಲ. ಜನವರಿಯಲ್ಲಿ ಒಂದು ಸಂಜೆ ಫೋನ್ ಮಾಡಿದಳು.

“ಆಯಿ, ಇವತ್ತ ವಿಜ್ಞಾನದ ತಾಸಿನ್ಯಾಗ ಕೈ ಎತ್ತಿದೆ.”

“ಶಾಬ್ಬಾಸ್! ಟೀಚರ್ ಏನಂದ್ರು?”

“ಉತ್ತರ ತಪ್ಪಿತ್ತು.”

ಇಬ್ಬರೂ ಎಷ್ಟು ನಕ್ಕೆವೆಂದರೆ, ನನ್ನ ಜಂಪರ್ ತೊಯ್ದುಹೋಯಿತು.