ಒಡ್ಡಿನ ಮೇಲೆ ಕೇಳಿದ ಮಾತು

ಮಮದಾಪುರಕ್ಕೆ ನಾನು ಹೊರಟದ್ದು ಕೆರೆ ನೋಡುವ ಆಸೆಯಿಂದ ಎಂದು ಹೇಳಿದರೆ ಸುಳ್ಳಾದೀತು. ತಂಗಿಯ ಮೊಮ್ಮಗ ನನಗೊಂದು ಹೊಸ ಮೊಬೈಲು ಕೊಡಿಸಿದ್ದ. ಮುದುಕನ ಕೈಗೆ ಹೊಸ ಕೋಲು ಬಂದರೆ ಎರಡು ಹೆಜ್ಜೆ ಹೆಚ್ಚಿಗೆ ನಡೆಯಬೇಕೆನ್ನಿಸುತ್ತದೆಯಲ್ಲ, ಹಾಗೆ ಈ ಯಂತ್ರವನ್ನು ಎಲ್ಲಿಯಾದರೂ ಒಯ್ದು ಉಪಯೋಗಿಸಬೇಕೆಂಬ ಚಪಲ ನನಗೂ ಹುಟ್ಟಿತು.

“ಅಜ್ಜಾ, ಊರೂರಿಗೆ ಹೋಗಿ ಹಳೀ ಮಂದೀನ ಮಾತಾಡಸ್ರಿ. ಅವರು ಹೇಳಿದ್ದೆಲ್ಲಾ ಇದರಾಗ ತುಂಬ್ಕೋರಿ. ನಾ ಅಂತರ್ಜಾಲಕ್ಕ ಹಾಕತೀನಿ. ಇಡೀ ಜಗತ್ತು ಕೇಳತದ” ಎಂದು ಹುಡುಗ ಆಸೆ ಹಚ್ಚಿದ.

“ಜಗತ್ತಿಗೇನು ಬ್ಯಾರೆ ಕೆಲಸಿಲ್ಲೇನೋ?” ಎಂದೆ. ಆದರೂ ಮರುದಿನವೇ ಬಸ್ಸು ಹತ್ತಿದೆ.

ಮಮದಾಪುರ ವಿಜಯಪುರದಿಂದ ನೈರುತ್ಯಕ್ಕೆ ಸುಮಾರು 35 ಕಿಲೋಮೀಟರು. ಬಬಲೇಶ್ವರ, ತಿಕೋಟಾ ಕಡೆಯ ಈ ಸೀಮೆಯಲ್ಲಿ ಎತ್ತ ನೋಡಿದರೂ ಜೋಳದ ಹೊಲ. ಈಗೀಗ ನಡುನಡುವೆ ದ್ರಾಕ್ಷಿಯ ಚಪ್ಪರ. ಇಂಥ ಬಯಲಿನಲ್ಲಿ ಕಣ್ಣು ಹಾಯುವವರೆಗೆ ನೀರು ಕಂಡರೆ ಮನುಷ್ಯ ಒಂದು ಕ್ಷಣ ತನ್ನ ಕಣ್ಣನ್ನೇ ನಂಬುವುದಿಲ್ಲ. ಈ ಕೆರೆಯನ್ನು ಮುಹಮ್ಮದ್ ಆದಿಲ್‌ಶಾಹ 1633ರಲ್ಲಿ ಕಟ್ಟಿಸಿದನೆಂದು ಗೆಝೆಟಿಯರು ಹೇಳುತ್ತದೆ. 1627ರಿಂದ 1656ರವರೆಗೆ ಆಳಿದ ಈ ಸುಲ್ತಾನನೇ ಗೋಳಗುಮ್ಮಟದಲ್ಲಿ ಮಲಗಿದ್ದಾನೆ. ಗುಮ್ಮಟಕ್ಕೆ ದಿನವೂ ಶಾಲೆಯ ಹುಡುಗರು ಬಂದು ಕೂಗು ಹಾಕಿ, ತಮ್ಮ ಕೂಗನ್ನೇ ಮತ್ತೆ ಮತ್ತೆ ಕೇಳಿ ಹೋಗುತ್ತಾರೆ. ಕೆರೆಗೆ ಬರುವವು ಎಮ್ಮೆಗಳು. ಆದರೆ ಊರಿಗೆ ಅನ್ನ ಹಾಕಿದ್ದು ಯಾವುದು ಎಂದು ಕೇಳಿದರೆ ಎಮ್ಮೆಗಳ ಪಕ್ಷವನ್ನೇ ಹಿಡಿಯಬೇಕಾದೀತು. ನಡುವೆ ಎಷ್ಟೋ ವರ್ಷ ಬತ್ತಿ ಬಣಗುಟ್ಟಿದ ಈ ಕೆರೆಗೆ ಈಚಿನ ವರ್ಷಗಳಲ್ಲಿ ನದಿಯ ನೀರನ್ನೆತ್ತಿ ತಂದು ತುಂಬಿಸಿದ್ದಾರೆ.

ಒಡ್ಡಿನ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದೆ. ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, “ಏನ್ ಅಳ್ಯಾಕ ಬಂದೀರಿ ಅಣ್ಣಾರ? ಮತ್ತ ಯಾರ್ದರ ಹೊಲ ಹೋಗತೈತೇನು?” ಎಂದು ಕೇಳಿದಳು. ಷರಾಯಿ ತೊಟ್ಟವನು ಕೆರೆಯ ಕಡೆ ಬಂದರೆ ಸರ್ವೆಯವನೇ ಎಂದು ಅವಳ ಲೆಕ್ಕ.

“ಇಲ್ಲವ್ವಾ, ಸುಮ್ಮನ ನೋಡಾಕ ಬಂದೀನಿ. ಈ ಕೆರಿ ಯಾರು ಕಟ್ಟಿಸಿದ್ರು ಗೊತ್ತದನು?”

“ಬಾದಶಾ ಕಟ್ಟಿಸ್ಯಾನಂತ. ಕಟ್ಟಿಸಿದಾಂವ ಅಂವ, ಹೊತ್ತವರು ಯಾರೋ!”

ಈ ಒಂದು ಮಾತಿಗೆ ನಾನು ಒಡ್ಡಿನ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಕಾಲೇಜಿನಲ್ಲಿ ಇತಿಹಾಸ ಓದಿದವನು ನಾನು. ಸುಲ್ತಾನರ ಹೆಸರುಗಳನ್ನು ವರ್ಷಸಮೇತ ಒಪ್ಪಿಸಬಲ್ಲೆ. ಹೊತ್ತವರು ಯಾರು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲಿಯೂ ಬಂದಿರಲಿಲ್ಲ. ಅವಳಿಗೆ ಆ ಪ್ರಶ್ನೆ ಸಹಜವಾಗಿತ್ತು, ಏಕೆಂದರೆ ಅವಳು ಹೊತ್ತವಳು. 1972ರ ಬರಗಾಲದಲ್ಲಿ ಹದಿನಾಲ್ಕು ವರ್ಷದ ಹುಡುಗಿ. ಸರಕಾರದ ಕಾಮಗಾರಿಯಲ್ಲಿ ತಾಯಿಯ ಜೊತೆ ರಸ್ತೆಗೆ ಜಲ್ಲಿ ಒಡೆದವಳು, ಬುಟ್ಟಿ ಹೊತ್ತವಳು. ಒಡೆದ ಜಲ್ಲಿಯನ್ನು ಗುಂಪಿ ಹಾಕುತ್ತಿದ್ದುದು, ಅಳತೆಗೆ ಬಂದವನ ಎದುರು ಗುಂಪಿ ದೊಡ್ಡದಾಗಿ ಕಾಣಲೆಂದು ನಡುವೆ ಹೆಂಟೆ ಇಡುತ್ತಿದ್ದುದು, ಬುಟ್ಟಿ ಹೊರುವಾಗ ಹೆಂಗಸರು ಹಾಡುತ್ತಿದ್ದುದು, ಎಲ್ಲವನ್ನೂ ನಗುತ್ತ ಹೇಳಿದಳು. ಹೇಳುತ್ತ ಹೇಳುತ್ತ ನಗು ನಿಂತಿತು. ಆ ವರ್ಷ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನೀರಿನ ಕಡೆ ಮುಖಮಾಡಿಕೊಂಡು ಹೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಇದು ನಿಮ್ಮ ಕಿವ್ಯಾಗ ಇರಲಿ ಅಣ್ಣಾರ. ನನ್ನ ಮಕ್ಕಳಿಗೂ ನಾ ಹೇಳಿಲ್ಲ” ಎಂದಳು.

ನನ್ನ ಕೈಯಲ್ಲಿದ್ದ ಮೊಬೈಲಿನ ಕೆಂಪು ಚುಕ್ಕೆ ಆಗಲೂ ಮಿಣುಕುತ್ತಿತ್ತು. ಅವಳು ಬಾದಶಾಹನ ಮಾತೆತ್ತಿದಾಗಲೇ ನಾನು ಗುಂಡಿ ಒತ್ತಿದ್ದೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಸುಮ್ಮನಾಗುತ್ತಾಳೋ ಎಂಬ ಕಳ್ಳಬುದ್ಧಿ. ಆಗಲಾದರೂ ಹೇಳಬಹುದಾಗಿತ್ತು. ಹೇಳಲು ನಾಚಿಕೆಯಾಯಿತು. ಯಂತ್ರವನ್ನು ಕಿಸೆಗೆ ಸೇರಿಸಿ, ಎರಡು ಒಳ್ಳೆಯ ಮಾತಾಡಿ ಬಸ್ಸಿನ ಕಡೆ ನಡೆದೆ.

ಆ ರಾತ್ರಿ ಮೊಮ್ಮಗನಿಗೆ ಎಲ್ಲವನ್ನೂ ಕೇಳಿಸಿದೆ. ಅಲ್ಲಿಗೆ ನನ್ನ ತಪ್ಪು ಎರಡಾಯಿತು. ಹುಡುಗ ಕಣ್ಣರಳಿಸಿ, “ಅಜ್ಜಾ, ಇದು ಖರೇ ಇತಿಹಾಸ! ಹೆಸರು ತೆಗೆದು ಹಾಕಿಬಿಡೋಣು” ಎಂದ.

ಅವನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಂಡಿತರು ಹೇಳುವುದೂ ಅದನ್ನೇ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜು ದುಡಿಯುವ ಜನರಿಗಾಗಿ ಹುಟ್ಟಿದ್ದು. ಅಲ್ಲಿ ರಾಫೆಲ್ ಸ್ಯಾಮ್ಯುಯೆಲ್ ಎಂಬ ಅಧ್ಯಾಪಕರು 1960ರ ದಶಕದಲ್ಲಿ ಕಾರ್ಮಿಕರಾಗಿದ್ದ ವಿದ್ಯಾರ್ಥಿಗಳಿಂದಲೇ ತಮ್ಮ ಕಸುಬಿನ, ತಮ್ಮ ಜನರ ಚರಿತ್ರೆ ಬರೆಯಿಸಲು ತೊಡಗಿದರು. ಅಮೆರಿಕದ ಸಾಂಟಾ ಬಾರ್ಬರಾದಲ್ಲಿ 1976ರಲ್ಲಿ ರಾಬರ್ಟ್ ಕೆಲ್ಲಿ ಎಂಬ ಪ್ರಾಧ್ಯಾಪಕರು ‘ಸಾರ್ವಜನಿಕ ಇತಿಹಾಸ’ ಎಂಬ ಹೆಸರಿನಲ್ಲಿಯೇ ಪಾಠ ಆರಂಭಿಸಿದರು. ಅವರು ನದಿ, ನೆರೆಗಳ ಮೊಕದ್ದಮೆಗಳಲ್ಲಿ ಇತಿಹಾಸದ ಸಾಕ್ಷ್ಯ ಹೇಳಿ ಅನುಭವವಿದ್ದವರು. ನೀರಿನ ಜಗಳದಿಂದ ಇತಿಹಾಸ ಕಲಿತವರೆಂದರೆ ನಮ್ಮ ಕಡೆಯವರೇ ಅನ್ನಿ. ಇನ್ನು ಸ್ವೀಡನ್ನಿನ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ ಬರೆದ ಪುಸ್ತಕದ ಹೆಸರೇ ‘ನೀನು ನಿಂತಲ್ಲೇ ಅಗೆ’ ಎಂದು. ಕಾರ್ಖಾನೆಯ ಚರಿತ್ರೆಯನ್ನು ಮಾಲೀಕನಷ್ಟೇ ಯಾಕೆ ಬರೆಯಿಸಬೇಕು, ಅಲ್ಲಿ ದುಡಿದವನೂ ಶೋಧಿಸಲಿ ಎಂಬುದು ಅದರ ತಿರುಳು. ಮಮದಾಪುರದ ಮುದುಕಿ ಇವರಾರ ಹೆಸರನ್ನೂ ಕೇಳದೆ ಅದೇ ಮಾತನ್ನು ಒಂದೇ ಸಾಲಿನಲ್ಲಿ ಹೇಳಿದ್ದಳು.

ಹಾಗಾದರೆ ಅವಳ ಮಾತನ್ನು ಜಗತ್ತಿಗೆ ಕೇಳಿಸುವುದು ಪುಣ್ಯದ ಕೆಲಸವಲ್ಲವೆ? ಹುಡುಗನಿಗೆ ಹೌದೆನ್ನಿಸಿತು. ನನಗೆ ನಿದ್ದೆ ಬರಲಿಲ್ಲ. ಹಾಸಿಗೆಯಲ್ಲಿ ಹೊರಳುತ್ತ ನಮ್ಮ ವಿಜಯಪುರದ ಎರಡು ಹಳೆಯ ಸಂಗತಿಗಳನ್ನು ನೆನೆದೆ.

ಒಂದು ಆಸಾರ್ ಮಹಲಿನದು. ಅದನ್ನು ಕಟ್ಟಿಸಿದವನೂ ಈ ಕೆರೆಯ ಮುಹಮ್ಮದನೇ. ಅಲ್ಲಿ ಆದಿಲ್‌ಶಾಹಿ ಅರಸರ ಪುಸ್ತಕ ಭಂಡಾರದಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ, ಈಸ್ಟ್ ಇಂಡಿಯಾ ಕಂಪನಿಯ ಪುಸ್ತಕಾಲಯಕ್ಕೆ ಹೋದವು. ಒಯ್ದವರು ಕಳ್ಳರಂತೆ ಒಯ್ಯಲಿಲ್ಲ. ಹುಳ ತಿನ್ನುತ್ತವೆ, ಕಾಪಾಡಬೇಕು ಎಂಬ ಸದುದ್ದೇಶವೂ ಅದರಲ್ಲಿತ್ತು. ಅವು ಅಲ್ಲಿ ಉಳಿದಿವೆ ಎಂಬುದೂ ನಿಜ. ಆದರೆ ವಿಜಯಪುರದ ಜನರನ್ನು ಯಾರು ಕೇಳಿದರು? ತಮ್ಮ ಊರಿನ ಪುಸ್ತಕವನ್ನು ಓದಬೇಕಾದವನು ಆಮೇಲೆ ಸಮುದ್ರ ದಾಟಬೇಕಾಯಿತು.

ಇನ್ನೊಂದು ಫ. ಗು. ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರಕ್ಕೆ ಬಂದು ನೆಲೆಸಿದ ವಕೀಲರು. ಕೋರ್ಟಿನ ಕೆಲಸ ಬದಿಗಿಟ್ಟು, ಊರೂರು ತಿರುಗಿ, ಮನೆ ಮಠಗಳ ಜಗಲಿಯಲ್ಲಿದ್ದ ತಾಡೋಲೆಗಳನ್ನು ಹುಡುಕಿದರು. ದೇವರೆಂದು ಪೂಜೆಗಿಟ್ಟ ಕಟ್ಟನ್ನು ಬಿಚ್ಚಿಕೊಡಲು ಯಾರು ಒಪ್ಪುತ್ತಾರೆ? ಅಂಥವರ ಮನವೊಲಿಸಿ ಪ್ರತಿ ಮಾಡಿಕೊಂಡರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. 1964ರಲ್ಲಿ ತೀರಿಕೊಂಡಾಗ ಕೈಯಲ್ಲಿ ಹಣವಿರಲಿಲ್ಲ. ಆದರೆ ಮನೆಮನೆಯಿಂದ ಬೇಡಿ ತಂದದ್ದನ್ನು ಅಚ್ಚುಮಾಡಿ ಅವೇ ಮನೆಗಳಿಗೆ ತಿರುಗಿ ಮುಟ್ಟಿಸಿದ್ದರು.

ಇವರಿಬ್ಬರಲ್ಲಿ ನಾನು ಯಾರು? ಮಮದಾಪುರದ ಒಡ್ಡಿನಿಂದ ಮುದುಕಿಯ ಮಾತನ್ನು ಕಿಸೆಯಲ್ಲಿ ಹಾಕಿಕೊಂಡು ಬಂದಾಗ ನಾನು ಯಾರ ದಾರಿ ಹಿಡಿದಿದ್ದೆ? ಉತ್ತರ ಗೊತ್ತಿದ್ದುದರಿಂದಲೇ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹುಡುಗನೊಡನೆ ವಾದವಾಯಿತು. “ಕಲ್ಲಿನ ಶಾಸನ ಅಂತರ್ಜಾಲಕ್ಕ ಹಾಕಿದ್ರ ಚಲೋ ಅಂತೀರಿ, ಮನಷ್ಯಾನ ಮಾತು ಹಾಕಿದ್ರ ಯಾಕ ಬ್ಯಾಡ?” ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಬೆಂಗಳೂರಿನಲ್ಲಿ 1909ರಷ್ಟು ಹಳೆಯದಾದ ಮಿಥಿಕ್ ಸೊಸೈಟಿಯವರು 2021ರಿಂದ ಊರೂರಿನ ಶಾಸನದ ಕಲ್ಲುಗಳನ್ನು ಬೆಳಕಿನ ಯಂತ್ರದಿಂದ ಮೂರು ಆಯಾಮಗಳಲ್ಲಿ ಸೆರೆಹಿಡಿದು, ಯಾರು ಬೇಕಾದರೂ ನೋಡುವಂತೆ ಮಾಡುತ್ತಿದ್ದಾರೆ. ಅದನ್ನು ನಾನೇ ಹೊಗಳಿ ಅವನಿಗೆ ತೋರಿಸಿದ್ದೆ. ರಸ್ತೆ ಅಗಲಿಸುವ ಭರದಲ್ಲಿ ಕಲ್ಲು ಕಾಣೆಯಾದರೂ ಅಕ್ಷರ ಉಳಿದೀತು. ಅದು ದೊಡ್ಡ ಉಪಕಾರ.

“ಕಲ್ಲಿನ ಮ್ಯಾಲೆ ಬರಿಸಿದಾಂವ ಎಲ್ಲಾರೂ ಓದಲಿ ಅಂತನ ಬರಿಸ್ಯಾನಪ್ಪಾ. ಈಕಿ ಯಾರೂ ಕೇಳಬಾರದು ಅಂದಾಳ. ಅದ ಫರಕು” ಎಂದೆ.

“ಅಳಿಸಿಬಿಟ್ರ ಒಂದು ಇತಿಹಾಸನ ಹೋತಲ್ಲ ಅಜ್ಜಾ!”

ಹೋಯಿತು, ನಿಜ. ಬರಗಾಲದ ವರದಿಗಳಲ್ಲಿ ಕೂಲಿಯ ಲೆಕ್ಕ ಸಿಗುತ್ತದೆ, ಜಲ್ಲಿಯ ಅಳತೆ ಸಿಗುತ್ತದೆ. ಅವಳು ಹೇಳಿದ್ದು ಯಾವ ವರದಿಯಲ್ಲಿಯೂ ಇರಲಾರದು. ಅವಳ ನಂತರ ಅದನ್ನು ಹೇಳುವವರು ಇಲ್ಲ. ನೂರು ವರ್ಷದ ಮೇಲೆ ಯಾರೋ ಒಬ್ಬ ಚರಿತ್ರಕಾರ ಇದೊಂದು ಸಂಗತಿಗಾಗಿ ಹಂಬಲಿಸಬಹುದು. ಈ ನಷ್ಟವನ್ನು ಸಣ್ಣದೆಂದು ನಾನು ನಟಿಸುವುದಿಲ್ಲ. ಆದರೆ ಅಂತರ್ಜಾಲಕ್ಕೆ ಹಾಕಿದ್ದೆಲ್ಲ ಉಳಿಯುತ್ತದೆಂದೂ ತಿಳಿಯಬೇಡಿ. ನಮ್ಮ ಆಸಾರ್ ಮಹಲಿನ ಪ್ರತಿಗಳು ಈಗ ಸೇರಿರುವ ಬ್ರಿಟಿಷ್ ಲೈಬ್ರರಿಯ ಗಣಕಗಳಿಗೆ 2023ರ ಅಕ್ಟೋಬರಿನಲ್ಲಿ ಕನ್ನ ಬಿತ್ತು. ಅಲ್ಲಿಯ ಯಾದಿಗಳೂ ಚಿತ್ರಗಳೂ ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಉಳಿಯಬೇಕಾದದ್ದು ಹೋಗುತ್ತದೆ, ಅಳಿಯಲಿ ಎಂದದ್ದು ಹತ್ತು ಜನರ ಕೈಸೇರಿ ಉಳಿದುಬಿಡುತ್ತದೆ. ಹೆಸರು ತೆಗೆದರೂ ಅಷ್ಟೆ. ಮಮದಾಪುರದಲ್ಲಿ ಆ ದನಿಯನ್ನು ಗುರುತಿಸದವರು ಯಾರು?

ಮತ್ತೆ ಬಸ್ಸು ಹತ್ತಿದೆ. ಈ ಸಲ ಹುಡುಗನೂ ಜೊತೆಗಿದ್ದ. ಅವಳು ಅದೇ ಒಡ್ಡಿನ ಮೇಲೆ, ಅವೇ ಆಡುಗಳ ಜೊತೆ ಇದ್ದಳು.

“ಯವ್ವಾ, ನಿನ್ನ ಮಾತು ನಿನ್ನ ಕೇಳದ ಇದರಾಗ ತುಂಬಿಕೊಂಡಿದ್ದೆ. ತಪ್ಪಾತು. ಈ ಹುಡುಗನೂ ಕೇಳ್ಯಾನ” ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹುಡುಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಕೊನೆಗೆ, “ಅಳಿಸಾಕ ಬರತೈತೇನು?” ಎಂದಳು.

ಅವಳ ಎದುರಿಗೇ ಹುಡುಗನ ಕೈಯಿಂದ ಅಳಿಸಿದ್ದಾಯಿತು. ಅವಳಿಗೆ ಅಕ್ಷರ ಬರುವುದಿಲ್ಲ. ನಾವು ಅಳಿಸಿದ್ದು ನಿಜವೇ ಎಂದು ನೋಡುವ ದಾರಿ ಅವಳಿಗಿರಲಿಲ್ಲ. ಮೊದಲ ದಿನ ನಂಬಿದಂತೆಯೇ ಎರಡನೆಯ ದಿನವೂ ನಮ್ಮ ಮಾತನ್ನು ನಂಬಬೇಕಾಯಿತು. ಆ ನಂಬಿಕೆಯ ಭಾರ ಈಗಲೂ ನನ್ನ ಮೇಲಿದೆ. ಅವಳು ಹೇಳಿದ್ದನ್ನು ಈ ಲೇಖನದಲ್ಲಿ ಹುಡುಕಬೇಡಿ.

ಬುಟ್ಟಿ ಹೊರುವಾಗಿನ ಹಾಡೊಂದನ್ನಾದರೂ ಹೇಳುವೆಯಾ, ತುಂಬಿಕೊಳ್ಳಲೇ ಎಂದು ಕೇಳಿದೆ. “ಹಾಡಿಗೇನು, ಅದು ಎಲ್ಲಾರದು” ಎಂದು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಹಾಡು ಮುಗಿದ ಮೇಲೆ ಹುಡುಗ ಅದನ್ನು ಅವಳಿಗೇ ಕೇಳಿಸಿದ. ಅವಳು ಮೊಬೈಲನ್ನು ಕಿವಿಗೆ ಒತ್ತಿಕೊಂಡು, “ಇದು ನನ್ನ ದನೀನ? ನಮ್ಮವ್ವನ ದನಿ ಆಗೇತಲ್ಲ!” ಎಂದಳು. ಅದನ್ನು ತನ್ನ ಮೊಮ್ಮಗನ ಮೊಬೈಲಿಗೂ ಹಾಕಿಸಿಕೊಟ್ಟು ಹೋಗಬೇಕೆಂದು ಕರಾರು ಮಾಡಿದಳು.

ಮೊಮ್ಮಗ ಶಾಲೆಯಿಂದ ಬರುವವರೆಗೆ ನಾವು ಕಾದು ಕುಳಿತೆವು. ಕೊನೆಯ ಬಸ್ಸು ತಪ್ಪಿತು.