ನಾನು ಕಟ್ಟಿದ ಹಗ್ಗ

2022ರ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ ನಮ್ಮೂರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬಂದಿದ್ದು ರಾತ್ರಿ. ಮೆಕ್ಕೆಜೋಳಕ್ಕೆ ನೀರು ಬಿಡಲು ಹೋಗಿದ್ದ ದೊಡ್ಡಪ್ಪ ಕುಂಟುತ್ತಾ ಬಂದು ಕಟ್ಟೆ ಮೇಲೆ ಕುಳಿತರು.

"ಕಾಲಿಗೆ ಕಡೀತು ನೋಡಪ, ಕೊಳಕುಮಂಡಲ ಇದ್ದಂಗಿತ್ತು."

ಮನೆಯಲ್ಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ನೋಡಿದ್ದಷ್ಟೇ! ಎತ್ತಿನ ಹಗ್ಗ ತಂದು ಮೊಣಕಾಲ ಕೆಳಗೆ ಬಲವಾಗಿ ಬಿಗಿದೆ. ಯಾರೋ ಕುಯ್ಯಲು ಬ್ಲೇಡು ತಂದರು, ಪುಣ್ಯಕ್ಕೆ ದೊಡ್ಡಮ್ಮ ಬೈದು ಕಸಿದುಕೊಂಡರು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮೊದಲು ನೋಡಿದ್ದೇ ಹಗ್ಗವನ್ನು. "ಯಾರು ಕಟ್ಟಿದ್ದು?" ನಾನು ಮಾತಾಡಲಿಲ್ಲ. ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಇಟ್ಟರು. ಹೆಪ್ಪುಗಟ್ಟಲಿಲ್ಲ. ಆ್ಯಂಟಿವೆನಮ್ ಶುರು ಮಾಡಿ, ಆಮೇಲೆ ಹಗ್ಗವನ್ನು ನಿಧಾನವಾಗಿ ಸಡಿಲಿಸಿದರು. ಮಂಡಲದ ವಿಷ ಮಾಂಸವನ್ನೇ ಕೊಳೆಸುತ್ತದಂತೆ. ಬಿಗಿದು ಕಟ್ಟಿದರೆ ರಕ್ತವೂ ಓಡದೆ ಕಾಲು ಮತ್ತಷ್ಟು ಹಾಳು, ಒಮ್ಮೆಲೇ ಬಿಚ್ಚಿದರೆ ವಿಷ ಮೈಗೆಲ್ಲಾ ನುಗ್ಗುತ್ತದೆ.

ದೊಡ್ಡಪ್ಪ ಉಳಿದರು. ಎರಡು ಬೆರಳು ಉಳಿಯಲಿಲ್ಲ. ಅದರಲ್ಲಿ ಹಾವಿನ ಪಾಲೆಷ್ಟು, ನನ್ನ ಹಗ್ಗದ ಪಾಲೆಷ್ಟು.. ಇವತ್ತಿಗೂ ಯೋಚಿಸುತ್ತೇನೆ.

ಬೆಂಗಳೂರಿಗೆ ಬಂದವನೇ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದೆ. ಎದೆಬಡಿತ ನಿಂತರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತುವುದನ್ನು ಕಲಿತೆ. ಹಾವಿನ ಬಗ್ಗೆ ನಾನೇ ಕೇಳಿ ಬರೆದುಕೊಂಡೆ:

1. ಹಗ್ಗ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ.
2. ಉಂಗುರ, ಬಳೆ, ಕಾಲುಂಗುರ ತಕ್ಷಣ ತೆಗೆಯಿರಿ. ಬಾವು ಬಂದರೆ ಅವೇ ಹಗ್ಗವಾಗುತ್ತವೆ.
3. ನಡೆಸಬೇಡಿ. ಮೂಳೆ ಮುರಿದಾಗ ಮಾಡುವ ಹಾಗೆ ಕಾಲಿಗೆ ಕೋಲು ಇಟ್ಟು, ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಅಲುಗಾಡದಂತೆ ನೋಡಿಕೊಳ್ಳಿ.
4. ಹಾವು ಹಿಡಿಯಲು ಹೋಗಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಇಲ್ಲಿ ಕೊಡುವುದು ಒಂದೇ ಔಷಧಿ.
5. 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ. ನಾಟಿ ಔಷಧಿ, ಮಂತ್ರ ಎಂದು ಹೊತ್ತು ಕಳೆಯಬೇಡಿ. ಕಟ್ಟುಹಾವು ಕಡಿದರೆ ನೋವೇ ಇರದಿರಬಹುದು, ಮೋಸ ಹೋಗಬೇಡಿ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲೇ ಆಗಲಿ, ಆಸ್ಪತ್ರೆ ಮುಟ್ಟುವ ತನಕ ರೋಗಿ ಮನೆಯವರ ಕೈಯಲ್ಲೇ ಇರುತ್ತಾನಲ್ಲ?

ದೊಡ್ಡಪ್ಪನಿಗೆ ಗಮ್‌ಬೂಟು, ಒಳ್ಳೆಯ ಬ್ಯಾಟರಿ ಕೊಡಿಸಿದ್ದೇನೆ. ಒಮ್ಮೆ ಧೈರ್ಯ ಮಾಡಿ ಹಗ್ಗದ ವಿಷಯ ಎತ್ತಿದೆ. "ನೀ ಕಟ್ಟದಿದ್ರೆ ಇನ್ನೊಬ್ರು ಕಟ್ತಿದ್ರು ಬಿಡಪ" ಎಂದರು.

ಅದಕ್ಕೇ ಇದನ್ನು ಬರೆದೆ. ಆ ಇನ್ನೊಬ್ಬರು ಕಟ್ಟದಿರಲಿ ಎಂದು.